ತೀರಿಕೊಂಡ ಗಂಡನ ವೀರ್ಯದಿಂದ ಮಗು ಪಡೆಯಬಹುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ವಯಸ್ಸು 32, ಹೈಸ್ಕೂಲ್ ಶಿಕ್ಷಕಿ. ನಮ್ಮ ಯಜಮಾನರಿಗೆ ರಕ್ತದ ಕ್ಯಾನ್ಸರ್ ಇತ್ತು. ಕೀಮೋ ಶುರುವಾಗುವ ಮೊದಲು ಡಾಕ್ಟರ್ ಹೇಳಿದರೆಂದು ಬೆಂಗಳೂರಿನ ಒಂದು ಐವಿಎಫ್ ಸೆಂಟರ್‌ನಲ್ಲಿ ಅವರ ವೀರ್ಯ ಫ್ರೀಜ್ ಮಾಡಿಸಿದ್ದೆವು. ಅವರು ಹೋಗಿ ಏಳು ತಿಂಗಳಾಯಿತು. ನಮಗೆ ಮಕ್ಕಳಿಲ್ಲ. ಆ ಸ್ಯಾಂಪಲ್‌ನಿಂದ ಮಗು ಪಡೆಯಬೇಕೆಂಬ ಆಸೆ ನನಗಿದೆ. ಸೆಂಟರ್‌ನವರು ಕೋರ್ಟ್ ಆರ್ಡರ್ ತನ್ನಿ ಅನ್ನುತ್ತಾರೆ. ತವರಿನಲ್ಲಿ ಬೇಡವೇ ಬೇಡ ಅನ್ನುತ್ತಾರೆ. ಅತ್ತೆ ಮಾತ್ರ, "ಬೇಗ ಮಾಡಿಸಿಕೋ, ನಿನಗಾಗದಿದ್ದರೆ ನಮಗೆ ಕೊಡು, ಬಾಡಿಗೆ ತಾಯಿಯಿಂದ ಮೊಮ್ಮಗು ಪಡೆಯುತ್ತೇವೆ" ಅನ್ನುತ್ತಾರೆ. ಕಾನೂನು ಏನು ಹೇಳುತ್ತದೆ? ಮಗುವಿಗೆ ಅಪ್ಪನ ಹೆಸರು, ತೋಟದಲ್ಲಿ ಪಾಲು ಸಿಗುತ್ತದೆಯೇ? ಅಪ್ಪ ಇಲ್ಲವೆಂದು ಗೊತ್ತಿದ್ದೂ ಮಗು ಹುಟ್ಟಿಸುವುದು ತಪ್ಪೇ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ. ಅತ್ತೆಯದು, ತವರಿನವರದು, ಸೆಂಟರ್‌ನವರದು. ನಿಮ್ಮ ಯಜಮಾನರು ಏನು ಹೇಳಿದ್ದರು ಅನ್ನುವುದು ಮಾತ್ರ ಇಲ್ಲ. ಕಾನೂನು ಮೊದಲು ಕೇಳುವುದು ಅದನ್ನೇ. ಅಲ್ಲಿಂದಲೇ ಶುರು ಮಾಡೋಣ.

ವೀರ್ಯ ಕೊಟ್ಟ ದಿನ ಅವರು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರುತ್ತಾರೆ. ಅದರ ನಕಲು ನಿಮ್ಮ ಬಳಿ ಇಲ್ಲದಿದ್ದರೆ ಸೆಂಟರ್‌ನವರನ್ನು ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ಇಂಥ ಪತ್ರಗಳ ಮೊದಲ ಭಾಗದಲ್ಲಿ ಹೆಸರು, ವಿಳಾಸ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ, ವರ್ಷಕ್ಕೆ ಕಟ್ಟಬೇಕಾದ ಹಣ, ಇವೇ ಇರುತ್ತವೆ. ಕೊನೆಯ ಕಡೆ ಒಂದು ಪ್ರಶ್ನೆ ಬರುತ್ತದೆ. ನಾನು ತೀರಿಕೊಂಡರೆ ಅಥವಾ ತೀರ್ಮಾನ ಹೇಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಈ ಸ್ಯಾಂಪಲ್ ಅನ್ನು ಏನು ಮಾಡಬೇಕು? ಅದರ ಕೆಳಗೆ ಸಣ್ಣ ಚೌಕಗಳು. ನಾಶ ಮಾಡಿ, ಹೆಂಡತಿಗೆ ಕೊಡಿ, ಸಂಶೋಧನೆಗೆ ಬಳಸಿ, ಹೀಗೆ. ಒಂದಕ್ಕೆ ಟಿಕ್ ಹಾಕಬೇಕು. ನಾಳೆಯೋ ನಾಡಿದ್ದೋ ಕೀಮೋ ಇದೆ ಅನ್ನುವ ಭಯದಲ್ಲಿ ಯಾರು ತಾನೇ ಅದನ್ನು ನಿಧಾನವಾಗಿ ಓದುತ್ತಾರೆ? ಕೌಂಟರ್‌ನವರು ಬೆರಳು ಇಟ್ಟ ಕಡೆಯಲ್ಲೆಲ್ಲ ಸಹಿ ಹಾಕಿ ಎದ್ದು ಬರುತ್ತಾರೆ. ಆದರೆ ಇವತ್ತು ನಿಮ್ಮ ಇಡೀ ವಿಷಯ ನಿಂತಿರುವುದು ಆ ಟಿಕ್ ಮೇಲೆ.

ಇದು ಸೆಂಟರ್‌ನವರ ಹಟವಲ್ಲ. 2021ರಲ್ಲಿ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ (ಎಲ್ಲರೂ ಎಆರ್‌ಟಿ ಕಾಯ್ದೆ ಅನ್ನುತ್ತಾರೆ) 22ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಲಿಖಿತ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಸತ್ತರೆ ಏನು ಮಾಡಬೇಕು ಅನ್ನುವ ಸೂಚನೆಯನ್ನೂ ಬರಹದಲ್ಲಿ ಪಡೆಯದೆ ವೀರ್ಯವನ್ನಾಗಲಿ ಭ್ರೂಣವನ್ನಾಗಲಿ ಫ್ರೀಜ್ ಮಾಡಿ ಇಡುವಂತಿಲ್ಲ.

"ಹೆಂಡತಿಗೆ ಕೊಡಿ" ಎಂದು ಟಿಕ್ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಜಾಗ ಖಾಲಿ ಬಿಟ್ಟಿದ್ದರೆ ಬೇರೆ ಸಾಕ್ಷಿ ಹುಡುಕಬೇಕು. ವಾಟ್ಸಾಪ್ ಮಾತುಕತೆ, ಕೌನ್ಸೆಲರ್ ಬರೆದಿಟ್ಟ ಟಿಪ್ಪಣಿ, ಡಾಕ್ಟರ ಎದುರು ಆಡಿದ ಮಾತು, ಯಾವುದೂ ಚಿಕ್ಕದಲ್ಲ. "ನಾಶ ಮಾಡಿ" ಎಂದು ಟಿಕ್ ಹಾಕಿದ್ದರೆ ದಾರಿ ಕಷ್ಟ. ಬಾಂಬೆ ಹೈಕೋರ್ಟ್ ಮುಂದೆ 2025ರಲ್ಲಿ ಇಂಥದ್ದೇ ಕೇಸ್ ಬಂತು. ಮದುವೆಯಾಗದ ಯುವಕ, ಕ್ಯಾನ್ಸರ್. ತಾನು ಸತ್ತರೆ ಸ್ಯಾಂಪಲ್ ನಾಶ ಮಾಡಿ ಎಂದು ಬರೆದುಕೊಟ್ಟಿದ್ದ. ಮನೆಯವರನ್ನು ಕೇಳದೆ ಬರೆದಿದ್ದಾನೆ ಎಂದು ತಾಯಿ ಕೋರ್ಟಿಗೆ ಹೋದರು. ಕೇಸ್ ಮುಗಿಯುವ ತನಕ ಸ್ಯಾಂಪಲ್ ನಾಶ ಮಾಡಬೇಡಿ ಎಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ನಾಶವಾದರೆ ಕೇಸಿಗೇ ಅರ್ಥ ಇರುವುದಿಲ್ಲ, ಅಲ್ವಾ? ಹಾಗೆಂದು ಆ ಆದೇಶವನ್ನು ತಾಯಿಯ ಗೆಲುವೆಂದು ಓದಬಾರದು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ತಿಳಿದು, ಯೋಚಿಸಿ ಬೇಡ ಅಂದವನ ಮಾತನ್ನು ಅವನು ಸತ್ತ ಮೇಲೆ ಮೀರಬಾರದು. ಗಡಿಬಿಡಿಯಲ್ಲಿ ಹಾಕಿದ ಟಿಕ್, ಆಮೇಲೆ ಮನಸ್ಸು ಬದಲಾಗಿತ್ತು ಅನ್ನುವುದಕ್ಕೆ ಗಟ್ಟಿ ಪುರಾವೆ ಇದ್ದರೆ ಮಾತು ಬೇರೆ.

ಇನ್ನು ನಿಮ್ಮ ಹಕ್ಕಿಗೆ ಬರೋಣ. ಎಆರ್‌ಟಿ ಕಾಯ್ದೆಯಲ್ಲಿ ಚಿಕಿತ್ಸೆ ಕೇಳಲು ಗಂಡ ಇರಲೇಬೇಕೆಂದಿಲ್ಲ. 21 ದಾಟಿದ, 50 ತುಂಬದ ಯಾವ ಹೆಂಗಸಾದರೂ ಕೇಳಬಹುದು. ವಿಧವೆಗೂ ಅಡ್ಡಿಯಿಲ್ಲ. ತೊಡಕು ಬೇರೆ ಕಡೆ ಇದೆ. ಒಂಟಿ ಹೆಂಗಸು ಬಂದರೆ ಬ್ಯಾಂಕಿನಿಂದ ಹೆಸರು ತಿಳಿಸದ ದಾನಿಯ ವೀರ್ಯ ತರಿಸುತ್ತಾರೆ ಅನ್ನುವ ಲೆಕ್ಕದಲ್ಲಿ ಆ ಕಾಯ್ದೆ ಬರೆದಿದ್ದಾರೆ. ಗಂಡ ಹೆಂಡತಿ ಬಂದರೆ ಇಬ್ಬರೂ ಬದುಕಿರುತ್ತಾರೆ ಅನ್ನುವ ಲೆಕ್ಕ. ನಿಮ್ಮ ಯಜಮಾನರು ದಾನಿಯಲ್ಲ, ಬದುಕಿಯೂ ಇಲ್ಲ. ಈ ಸಂದಿಯ ಬಗ್ಗೆ ಕಾಯ್ದೆ ಬಾಯಿ ಬಿಡುವುದಿಲ್ಲ. ತಪ್ಪಿದರೆ ಲಕ್ಷಗಟ್ಟಲೆ ದಂಡ ಇರುವುದರಿಂದ ಸೆಂಟರ್‌ನವರು ಹೆದರಿ ಕೋರ್ಟಿನ ಕಡೆ ಕೈ ತೋರಿಸುತ್ತಾರೆ.

ಕೋರ್ಟುಗಳು ಹೆಂಡತಿಯ ಕಡೆಗೆ ಒಲವು ತೋರಿಸಿವೆ. 2021ರ ಜುಲೈಯಲ್ಲಿ ವಡೋದರದಲ್ಲಿ ಕೋವಿಡ್‌ನಿಂದ ಸಾವಿನ ಅಂಚಿನಲ್ಲಿದ್ದ ಗಂಡನ ವೀರ್ಯ ತೆಗೆದಿಡಲು ಗುಜರಾತ್ ಹೈಕೋರ್ಟ್ ತುರ್ತಾಗಿ ಒಪ್ಪಿತು. ಒಂದೆರಡು ದಿನದಲ್ಲೇ ಆತ ತೀರಿಕೊಂಡರು. 2024ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ಕೂಡ ಹಾಗೇ ಮಾಡಿತು. ಪ್ರಜ್ಞೆ ಇಲ್ಲದ ಗಂಡನಿಂದ ಲಿಖಿತ ಒಪ್ಪಿಗೆ ಕೇಳಿದರೆ ಹೇಗೆ ಸಿಕ್ಕೀತು? ವೀರ್ಯ ತೆಗೆದಿಡಿ, ಆದರೆ ಕೋರ್ಟ್ ಒಪ್ಪದೆ ಮುಂದಿನ ಹೆಜ್ಜೆ ಇಡಬೇಡಿ ಎಂದಿತು. ಇವರಿಗೆ ಹೋಲಿಸಿದರೆ ನಿಮ್ಮ ಸ್ಥಿತಿ ಎಷ್ಟೋ ಮೇಲು. ನಿಮ್ಮ ಯಜಮಾನರು ಎಚ್ಚರವಿದ್ದಾಗ, ತಾವೇ ನಡೆದು ಹೋಗಿ ಇಟ್ಟಿದ್ದಾರೆ.

ಈಗ ಅತ್ತೆಯ ಮಾತು. ಇದನ್ನು ಸ್ವಲ್ಪ ಜಾಸ್ತಿ ಬಿಡಿಸಿ ಹೇಳಬೇಕು. ಏಕೆಂದರೆ ಅವರು ಕೂಡ ಪೇಪರ್ ಓದಿಯೇ ಹೇಳುತ್ತಿರಬಹುದು.

2024ರ ಅಕ್ಟೋಬರ್ 4ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಒಂದು ತೀರ್ಪು ಕೊಟ್ಟರು. 30 ವರ್ಷದ, ಮದುವೆಯಾಗದ ಹುಡುಗ 2020ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ. ಕೀಮೋಗೆ ಮೊದಲು ಸರ್ ಗಂಗಾರಾಮ್ ಆಸ್ಪತ್ರೆಯಲ್ಲಿ ವೀರ್ಯ ಇಡಿಸಿದ್ದ. ಅದನ್ನು ನಮಗೆ ಕೊಡಿ ಎಂದು ಅಪ್ಪ ಅಮ್ಮ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಒಪ್ಪಿಗೆ ಇದ್ದರೆ ಸತ್ತ ಮೇಲೆ ಮಗು ಪಡೆಯುವುದನ್ನು ನಮ್ಮ ದೇಶದ ಯಾವ ಕಾನೂನೂ ತಡೆಯುವುದಿಲ್ಲ ಎಂದು ಕೋರ್ಟ್ ಹೇಳಿತು. ವೀರ್ಯವೂ ಸತ್ತವನ ಆಸ್ತಿಯ ಭಾಗವೇ, ಅಪ್ಪ ಅಮ್ಮ ಅವನ ವಾರಸುದಾರರು, ಅವರಿಗೆ ಕೊಡಿ ಎಂದಿತು. ವ್ಯಾಪಾರಕ್ಕೆ ಬಳಸಬಾರದು ಅನ್ನುವ ಷರತ್ತು ಹಾಕಿತು.

ಆ ತಂದೆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ "ಆಸ್ತಿ" ಅನ್ನುವ ತರ್ಕವನ್ನು ನಿಮ್ಮ ಮನೆಗೆ ತಂದು ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ಉಯಿಲು ಬರೆಯದೆ ಸತ್ತರೆ ಅವನ ಹೆಂಡತಿ ಮತ್ತು ತಾಯಿ ಇಬ್ಬರೂ ಮೊದಲ ದರ್ಜೆಯ ವಾರಸುದಾರರು. ಸಮ ಪಾಲು. ಹಾಗಾದರೆ ನಾಲ್ಕು ವಯಲ್ (ಸ್ಯಾಂಪಲ್ ತುಂಬಿಟ್ಟ ಸಣ್ಣ ಸೀಸೆ) ಇದ್ದರೆ ನಿಮಗೆ ಎರಡು, ಅತ್ತೆಗೆ ಎರಡು ಅನ್ನೋಣವೇ? ತೋಟ ಭಾಗ ಮಾಡಿದ ಹಾಗೆ ಇದನ್ನು ಮಾಡಲಾಗುವುದಿಲ್ಲ. ದೆಹಲಿಯ ಹುಡುಗನಿಗೆ ಹೆಂಡತಿ ಇರಲಿಲ್ಲವಾದ್ದರಿಂದ ಅಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. ಹೆಂಡತಿ ಇದ್ದ ಕೇಸ್ ಕಲ್ಕತ್ತಾ ಹೈಕೋರ್ಟಿನದು, 2021ರ ಜನವರಿ. ಮಗನ ವೀರ್ಯ ಕೊಡಿಸಿ ಎಂದು ಅಪ್ಪ ಕೇಳಿದರು. ಮಗನ ಸಂತಾನದ ಮೇಲೆ ಅಪ್ಪನಿಗೆ ಮೂಲಭೂತ ಹಕ್ಕು ಅಂತ ಏನೂ ಇಲ್ಲ, ಆ ಹಕ್ಕು ಹೆಂಡತಿಯದು ಎಂದು ಕೋರ್ಟ್ ಅರ್ಜಿ ತಳ್ಳಿಹಾಕಿತು. ನನಗೆ ಸರಿ ಅನಿಸುವುದು ಈ ದಾರಿ. ವೀರ್ಯ ಯಾರಿಗೆ ಸೇರಿದ್ದು ಎಂದು ಕೇಳುವುದಕ್ಕಿಂತ, ಸತ್ತವನು ಯಾರ ಜೊತೆ ಮಗು ಬೇಕೆಂದು ಬಯಸಿದ್ದ ಎಂದು ಕೇಳುವುದು ಮೇಲು. ನಿಮ್ಮ ಯಜಮಾನರು ನಿಮ್ಮ ಜೊತೆ ಸಂಸಾರ ಮಾಡಲು ಬಯಸಿದ್ದರು. ಎಲ್ಲೋ ಇರುವ ಅಂಡದಾನಿಯ ಜೊತೆಗಲ್ಲ.

ಇನ್ನೊಂದು ಅಡ್ಡಿಯೂ ಇದೆ. ಸ್ಯಾಂಪಲ್ ಕೈಗೆ ಬಂದರೂ ಅಜ್ಜ ಅಜ್ಜಿ ಬಾಡಿಗೆ ತಾಯಿಯನ್ನು ಹುಡುಕುವುದು ಸುಲಭವಲ್ಲ. 2021ರ ಬಾಡಿಗೆ ತಾಯ್ತನ ಕಾಯ್ದೆ ಅವಕಾಶ ಕೊಡುವುದು ಮಕ್ಕಳಾಗದ ದಂಪತಿಗೆ, ಇಲ್ಲವೇ 35ರಿಂದ 45 ವರ್ಷದ ವಿಧವೆ ಅಥವಾ ವಿಚ್ಛೇದಿತೆಗೆ. ಮೊಮ್ಮಗು ಬೇಕೆನ್ನುವವರು ಆ ಪಟ್ಟಿಯಲ್ಲಿ ಇಲ್ಲ. ದುಡ್ಡು ಕೊಟ್ಟು ಹೆರಿಸುವುದಂತೂ ಅಪರಾಧ. ಪುಣೆಯಲ್ಲಿ 2018ರಲ್ಲಿ ತಾಯಿಯೊಬ್ಬರು ತೀರಿಕೊಂಡ ಮಗನ ವೀರ್ಯದಿಂದ ಅವಳಿ ಮೊಮ್ಮಕ್ಕಳನ್ನು ಪಡೆದ ಸುದ್ದಿ ನಿಮ್ಮತ್ತೆ ಓದಿರಬಹುದು. ಅದು ಈ ಕಾಯ್ದೆಗಳು ಬರುವ ಮೊದಲಿನ ಮಾತು.

ಮಗನನ್ನು ಕಳೆದುಕೊಂಡವರ ನೋವನ್ನು ಕೋರ್ಟುಗಳು ಕಡೆಗಣಿಸುತ್ತವೆ ಅಂತಲ್ಲ. 2023ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಒಂದು ದಂಪತಿ ಬಂದಿದ್ದರು. 23 ವರ್ಷದ ಒಬ್ಬನೇ ಮಗ ರಸ್ತೆ ಅಪಘಾತದಲ್ಲಿ ಹೋಗಿದ್ದ. ಬಾಡಿಗೆ ತಾಯಿಯ ಮೂಲಕ ಮತ್ತೊಂದು ಮಗು ಬೇಕಿತ್ತು, ಆದರೆ ಗಂಡನಿಗೆ ವಯಸ್ಸಿನ ಮಿತಿ ದಾಟಿತ್ತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಸುಮ್ನೆ ಬಾಗಿಲು ಹಾಕಲಿಲ್ಲ. ಅವರ ಅರ್ಹತೆಯನ್ನು ಮೂರು ರೀತಿಯಲ್ಲಿ ಪರೀಕ್ಷಿಸಿ ಎಂದರು. ವೀರ್ಯ ಮಗುವಿಗೆ ರೋಗ ತರದಷ್ಟು ಆರೋಗ್ಯವಾಗಿದೆಯೇ, ಮಗು ಸಾಕುವಷ್ಟು ಮೈಯಲ್ಲಿ ಶಕ್ತಿ ಇದೆಯೇ, ಮಗುವಿನ ಮುಂದಿನ ಬದುಕಿಗೆ ಹಣ ಇದೆಯೇ. ಆ ಮಗು ಅವರದೇ ಮಗು, ಮೊಮ್ಮಗುವಲ್ಲ. ಆದರೂ ಈ ಮೂರು ಪ್ರಶ್ನೆಗಳನ್ನು ನೀವೂ ನಿಮ್ಮನ್ನು ಕೇಳಿಕೊಳ್ಳಿ. ಹಿರಿಯರು ಎದುರಿಗೆ ಕೂತಾಗ ಅವರನ್ನೂ ಕೇಳಿ.

ಅತ್ತೆಗೆ ಇನ್ನೊಂದು ಭಯ ಇರಬಹುದು. ಸೊಸೆ ನಾಳೆ ಬೇರೆ ಮದುವೆಯಾದರೆ? ಅದು ನಿಮ್ಮ ಹಕ್ಕು. ಹಾಗಾದರೂ ಗಂಡನಿಂದ ನಿಮಗೆ ಬಂದ ಪಾಲು ವಾಪಸ್ ಹೋಗುವುದಿಲ್ಲ. ಮಗುವಿನ ಸಹಜ ಗಾರ್ಡಿಯನ್ ನೀವೇ.

"ಬೇಗ ಮಾಡಿಸಿಕೋ" ಅನ್ನುವ ಮಾತಿನ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ನಮ್ಮಲ್ಲಿ ಇದು ಹೊಸ ಕಥೆಯೇನಲ್ಲ. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತಾಗ ವಂಶ ಉಳಿಯಬೇಕೆಂದು ಸತ್ಯವತಿ ವ್ಯಾಸರನ್ನು ಕರೆಸಿದಳು. ಅಂಬಿಕೆ ಕಣ್ಣು ಮುಚ್ಚಿದಳು, ಅಂಬಾಲಿಕೆ ಬಿಳಿಚಿಕೊಂಡಳು ಎಂದು ನಾವೆಲ್ಲ ಕೇಳಿದ್ದೇವೆ. ಹುಟ್ಟಿದ ಮಕ್ಕಳಿಗೆ ಏನಾಯಿತು ಎಂದೂ ಹೇಳುತ್ತೇವೆ. ಆ ಇಬ್ಬರು ಹೆಣ್ಣುಮಕ್ಕಳಿಗೆ ಮನಸ್ಸಿತ್ತೇ ಎಂದು ಯಾರೂ ಕೇಳಲಿಲ್ಲ. ಇವತ್ತು ಕಾನೂನು ಕೇಳುತ್ತದೆ. ಒಪ್ಪಿಗೆ ಅಂದರೆ ಸತ್ತವರದು ಮಾತ್ರವಲ್ಲ, ನಿಮ್ಮದೂ ಬೇಕು. ಅದು ಅತ್ತೆಯ ಕಣ್ಣೀರಿಗೆ ಕರಗಿ ಕೊಟ್ಟ ಒಪ್ಪಿಗೆ ಆಗಬಾರದು. ತವರಿನವರಿಗೆ ಹೆದರಿ ಬೇಡ ಅನ್ನುವುದೂ ಆಗಬಾರದು.

ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ಎಶ್ರೆ ಹೇಳುವುದು ಏನೆಂದರೆ, ಸಾವಾದ ಮೇಲೆ ಕನಿಷ್ಠ ಒಂದು ವರ್ಷ ಕಾಯಬೇಕು, ಕೌನ್ಸೆಲಿಂಗ್ ಆಗಬೇಕು, ಸತ್ತವರ ಲಿಖಿತ ಒಪ್ಪಿಗೆ ಇರಬೇಕು. ನಮ್ಮ ಕಾನೂನಿನಲ್ಲಿ ಕಾಯುವ ಅವಧಿ ಇಲ್ಲ. ಆದರೂ ನಿಮಗೆ ನಾನು ಹೇಳುವುದು ಅದನ್ನೇ. ನಿಮಗಿನ್ನೂ 32. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟ ವೀರ್ಯ ಇನ್ನಾರು ತಿಂಗಳಿಗೆ ಕೆಡುವುದಿಲ್ಲ. ವರ್ಷದ ಹಣ ಕಟ್ಟುವುದನ್ನು ಮಾತ್ರ ಮರೆಯಬೇಡಿ. ವರ್ಷಾಬ್ದಿಕ ಮುಗಿಯಲಿ. ಅವರಿಲ್ಲದ ಹಬ್ಬಗಳು, ಅವರ ಹುಟ್ಟಿದ ದಿನ, ನಿಮ್ಮ ಮದುವೆಯ ದಿನ ಎಲ್ಲವೂ ಒಂದು ಸುತ್ತು ಬರಲಿ. ಆಗಲೂ ಆಸೆ ಹೀಗೇ ಇದ್ದರೆ ಅದು ನಿಮ್ಮ ಆಸೆಯೇ. ಹೋದವರನ್ನು ಹೇಗಾದರೂ ವಾಪಸ್ ತರಬೇಕು ಅನ್ನುವ ದುಃಖ ಅದರಲ್ಲಿ ಎಷ್ಟು, ಮಗು ಬೇಕು ಅನ್ನುವುದು ಎಷ್ಟು ಎಂದು ಬೇರೆ ಮಾಡಿ ನೋಡಲು ಆಗ ಸಾಧ್ಯ. ಹುಟ್ಟುವ ಮಗು ನಿಮ್ಮ ಯಜಮಾನರಲ್ಲ. ಅದಕ್ಕೆ ಅದರದೇ ಮುಖ, ಅದರದೇ ಹಟ ಇರುತ್ತದೆ.

ಅಪ್ಪನಿಲ್ಲದ ಮಗುವನ್ನು ಹುಟ್ಟಿಸುವುದು ತಪ್ಪೇ ಎಂದು ಕೇಳಿದ್ದೀರಿ. ಫ್ರಾನ್ಸ್, ಜರ್ಮನಿ ಇದನ್ನು ನಿಷೇಧಿಸಿವೆ. ಬೇಕೆಂದೇ ಅಪ್ಪನಿಲ್ಲದ ಮಗುವನ್ನು ಹುಟ್ಟಿಸಬಾರದು ಅನ್ನುವ ಅವರ ವಾದದಲ್ಲಿ ತೂಕ ಇದೆ, ತಳ್ಳಿಹಾಕುವಂಥದ್ದಲ್ಲ. ಆದರೆ ನಮ್ಮ ಊರುಗಳಲ್ಲಿ ಒಂಟಿ ತಾಯಂದಿರು ಬೆಳೆಸಿದ ಮಕ್ಕಳನ್ನು ನೋಡಿದವರಿಗೆ ಅಪ್ಪ ಇಲ್ಲ ಅನ್ನುವುದೊಂದೇ ಕಾರಣಕ್ಕೆ ಆ ಬದುಕು ಬೇಡವಾಗಿತ್ತು ಎಂದು ಹೇಳಲು ಬಾಯಿ ಬರುವುದಿಲ್ಲ. ನನಗೂ ಬರುವುದಿಲ್ಲ. ಮಗು ಸೊರಗುವುದು ಮನೆಯಲ್ಲಿ ಜಗಳ, ಸುಳ್ಳು, ಬಡತನ ಇದ್ದಾಗ. ನಿಮಗೆ ಕೆಲಸವಿದೆ. ಜಗಳ ಮತ್ತು ಸುಳ್ಳನ್ನು ತಡೆಯುವುದು ನಿಮ್ಮ ಮನೆಯವರೆಲ್ಲರ ಕೈಯಲ್ಲಿದೆ. ಮಗು ಕೇಳುವ ವಯಸ್ಸಿಗೆ ಬಂದಾಗ ನಿಜವನ್ನೇ ಹೇಳಿ. ಊರಿನವರು ದಿನ ಲೆಕ್ಕ ಹಾಕಿ ಬಾಯಿಗೆ ಬಂದದ್ದು ಆಡುವ ಮೊದಲೇ ನೀವೇ ಹೇಳಿರಿ. ನಿಮ್ಮ ಶಾಲೆಯ ಸಹೋದ್ಯೋಗಿಗಳಿಗೂ, ಹತ್ತಿರದ ನೆಂಟರಿಗೂ ಗರ್ಭ ನಿಲ್ಲುವ ಮೊದಲೇ ತಿಳಿಸಿದರೆ ಒಳ್ಳೆಯದು.

ಈ ದಿನದ ಲೆಕ್ಕ ಕಾನೂನಿನಲ್ಲೂ ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 116ನೇ ಸೆಕ್ಷನ್ ಪ್ರಕಾರ ಮದುವೆ ಕೊನೆಗೊಂಡು 280 ದಿನದೊಳಗೆ ಹುಟ್ಟಿದರೆ ಮಗು ಗಂಡನದೇ ಎಂದು ಕಾನೂನು ತಾನಾಗಿ ಒಪ್ಪುತ್ತದೆ. ನಿಮ್ಮ ಮಗು ಆ ಅವಧಿ ದಾಟಿಯೇ ಹುಟ್ಟುತ್ತದೆ. ಹಾಗಾಗಿ ಅಪ್ಪ ಯಾರೆಂದು ನೀವು ಕಾಗದದಲ್ಲಿ ತೋರಿಸಬೇಕು. ಒಪ್ಪಿಗೆ ಪತ್ರ, ಸೆಂಟರ್‌ನ ದಾಖಲೆ, ಕೋರ್ಟ್ ಆದೇಶ ಈ ಮೂರೂ ಕೈಯಲ್ಲಿದ್ದರೆ ಜನನ ನೋಂದಣಿ ಕಚೇರಿಯಲ್ಲಿ ವಾದ ಮಾಡಬಹುದು. ಅದಕ್ಕೇ ಹೈಕೋರ್ಟಿಗೆ ಅರ್ಜಿ ಹಾಕುವಾಗಲೇ, ಜನನ ಪ್ರಮಾಣ ಪತ್ರದಲ್ಲಿ ತಂದೆಯ ಹೆಸರು ಬರೆಯಬೇಕು ಅನ್ನುವ ಕೋರಿಕೆಯನ್ನೂ ಸೇರಿಸಿ. ಬರೀ ಸ್ಯಾಂಪಲ್ ಬಳಸಲು ಅನುಮತಿ ಕೇಳಿ ಸುಮ್ಮನಾಗಬೇಡಿ. ಬ್ರಿಟನ್ನಿನಲ್ಲಿ ಡಯೇನ್ ಬ್ಲಡ್ ಅನ್ನುವ ಹೆಂಗಸು 1997ರಲ್ಲಿ ಕೋರ್ಟಿನಲ್ಲಿ ಗೆದ್ದು, ತೀರಿಕೊಂಡ ಗಂಡನ ವೀರ್ಯದಿಂದ ಇಬ್ಬರು ಮಕ್ಕಳನ್ನು ಪಡೆದರು. ಆದರೆ ಆ ಮಕ್ಕಳ ಪ್ರಮಾಣ ಪತ್ರದಲ್ಲಿ ಅಪ್ಪನ ಹೆಸರು ಬರಲು 2003ರಲ್ಲಿ ಹೊಸ ಕಾಯ್ದೆಯೇ ಬೇಕಾಯಿತು.

ಹೆಸರು ಸಿಕ್ಕ ಮಾತ್ರಕ್ಕೆ ಪಾಲು ಸಿಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಅಪ್ಪ ಸತ್ತು 18 ತಿಂಗಳಾದ ಮೇಲೆ ಹುಟ್ಟಿದ ಅವಳಿಗಳಿಗೆ ಅಪ್ಪನ ಹೆಸರಿನ ಸರ್ಕಾರಿ ನೆರವು ಕೊಡಲು ಒಪ್ಪಲಿಲ್ಲ. ಅವರ ರಾಜ್ಯದ ವಾರಸಾ ಕಾನೂನಿನಲ್ಲಿ ಅಂಥ ಮಕ್ಕಳಿಗೆ ಜಾಗವಿರಲಿಲ್ಲ. ನಮ್ಮ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಸೆಕ್ಷನ್ ಅಪ್ಪ ಸಾಯುವಾಗ ಹೊಟ್ಟೆಯಲ್ಲಿದ್ದ ಮಗುವಿಗೆ ಪಾಲು ಕೊಡುತ್ತದೆ. ನಿಮ್ಮ ಮಗು ಆಗ ಹೊಟ್ಟೆಯಲ್ಲಿರಲಿಲ್ಲ. ಹಾಗಾಗಿ ಅಪ್ಪನ ಪಾಲಿಗೆ ನೇರವಾಗಿ ವಾರಸುದಾರ ಎಂದು ಸಾಧಿಸುವುದು ಕಷ್ಟ.

ಆದರೆ ಕೈಚೆಲ್ಲಿ ಕೂರಬೇಕಿಲ್ಲ, ಸುತ್ತುದಾರಿ ಇದೆ. ಯಜಮಾನರ ಪಾಲು ನಿಮಗೂ ಅತ್ತೆಗೂ ಸಮನಾಗಿ ಬರುತ್ತದೆ ಎಂದೆನಲ್ಲ, ನಿಮ್ಮ ಅರ್ಧ ಪೂರ್ತಿ ನಿಮ್ಮದು. ಮಗು ನಿಮ್ಮ ವಾರಸುದಾರ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಅರ್ಜಿ ಹಾಕುವಾಗ ನಿಮ್ಮ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. "ಆಮೇಲೆ ಸೇರಿಸೋಣ ಬಿಡಮ್ಮ" ಅಂದರೆ ಒಪ್ಪಬೇಡಿ. ಇವತ್ತು ಪಹಣಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನಾಳೆ ಮಗುವಿನ ಹೆಸರು ಬರುವುದಕ್ಕೂ ಕೋರ್ಟಿಗೆ ಅಲೆಯಬೇಕಾದೀತು. ಇನ್ನು ಮಾವನ ಸ್ವಂತ ದುಡಿಮೆಯ ಆಸ್ತಿ. ಅವರು ಯಾರ ಹೆಸರಿಗೆ ಬೇಕಾದರೂ ಉಯಿಲು ಬರೆಯಬಹುದು. ಇನ್ನೂ ಹುಟ್ಟದ ಮಗುವಿನ ಹೆಸರಿಗೆ ಬರೆಯುವುದು ತೊಡಕಿನ ಕೆಲಸ. ಈಗ ನಿಮ್ಮ ಹೆಸರಿಗೆ ಬರೆದು, ಮಗು ಹುಟ್ಟಿದ ಮೇಲೆ ಅದರ ಹೆಸರು ಹಾಕಿ ಬದಲಿಸುವುದು ಸಲೀಸು. ಮೊಮ್ಮಗು ಬೇಕೆಂದು ಅಷ್ಟು ಆಸೆ ಪಡುವ ಅತ್ತೆ ಮಾವ ಇದಕ್ಕೆ ಮನಸ್ಸು ಮಾಡುತ್ತಾರೆಯೇ ಎಂದು ನೋಡಿ. ಮನೆಯಲ್ಲಿ ಮೈದುನನೋ ನಾದಿನಿಯೋ ಇದ್ದರೆ ಅವರ ಎದುರಿಗೇ ಮಾತಾಡಿ. ಮಗು ಬಂದ ಮೇಲೆ ಪಾಲಿನ ಜಗಳ ಎದ್ದರೆ ಅದರ ಪೆಟ್ಟು ಬೀಳುವುದು ಮಗುವಿಗೆ.

ವೈದ್ಯಕೀಯದ್ದು ಎರಡು ಮಾತು. ಕೀಮೋಗೆ ಮೊದಲು ಕೊಟ್ಟ ವೀರ್ಯವಾದ್ದರಿಂದ ಔಷಧದ ಪರಿಣಾಮದ ಭಯ ಬೇಡ. ಕಾಯಿಲೆ ವಂಶದಲ್ಲಿ ಬರುವಂಥದ್ದೇ ಎಂದು ಮಾತ್ರ ಜೆನೆಟಿಕ್ ಕೌನ್ಸೆಲರ್ ಬಳಿ ಕೇಳಿಕೊಳ್ಳಿ. ಎಷ್ಟು ವಯಲ್ ಇದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಅದು ಮುಗಿದರೆ ಮತ್ತೆ ಸಿಗುವುದಿಲ್ಲ, ಐವಿಎಫ್ ಮೊದಲ ಸಲವೇ ಫಲಿಸುತ್ತದೆ ಎಂಬ ಭರವಸೆಯೂ ಇಲ್ಲ. ಹತ್ತು ವರ್ಷದ ಮಿತಿ ಅಂತ ಯಾರಾದರೂ ಹೆದರಿಸಿದರೆ, ಕಾಯ್ದೆ ಆ ಮಿತಿ ಹಾಕಿರುವುದು ದಾನಿಯ ವೀರ್ಯ, ಅಂಡ ಮತ್ತು ಭ್ರೂಣಕ್ಕೆ ಎಂದು ನೆನಪಿಡಿ.

ಈ ವಾರ ಮಾಡಬೇಕಾದದ್ದು ಒಂದೇ. ಸೆಂಟರ್‌ಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಸ್ಯಾಂಪಲ್ ನಾಶ ಮಾಡಬೇಡಿ, ಬೇರೆ ಯಾರಿಗೂ ಕೊಡಬೇಡಿ, ಒಪ್ಪಿಗೆ ಪತ್ರದ ನಕಲು ಕಳಿಸಿ ಎಂದು ಬರೆಯಿರಿ. ಜೊತೆಗೆ ಮರಣ ಪ್ರಮಾಣ ಪತ್ರ, ಮದುವೆ ನೋಂದಣಿಯ ನಕಲು ಇರಲಿ. ಉತ್ತರ ಬಂದ ಮೇಲೆ ವಕೀಲರನ್ನು ನೋಡಿ. ಹಾಸನದವರಾದ್ದರಿಂದ ಅರ್ಜಿ ಬೆಂಗಳೂರಿನ ಹೈಕೋರ್ಟಿನಲ್ಲೇ ಆಗುತ್ತದೆ. ದೆಹಲಿ, ಕೇರಳ, ಕಲ್ಕತ್ತಾ ತೀರ್ಪುಗಳನ್ನು ನಮ್ಮ ಹೈಕೋರ್ಟ್ ಪಾಲಿಸಲೇಬೇಕೆಂದಿಲ್ಲ, ಆದರೆ ಗಮನಕ್ಕೆ ತೆಗೆದುಕೊಳ್ಳುತ್ತದೆ. ಆ ಒಪ್ಪಿಗೆ ಪತ್ರದಲ್ಲಿ ಯಾವ ಚೌಕಕ್ಕೆ ಟಿಕ್ ಇದೆ ಎಂದು ಗೊತ್ತಾದ ಮೇಲೆ ನನಗೆ ಮತ್ತೆ ಬರೆಯಿರಿ. ಮುಂದಿನ ಮಾತು ಅದರ ಮೇಲಿದೆ.